ಶಿರೂರಿನ ಒಂದೇ ಲೈನು

ಆ ಮಳೆಗಾಲದಲ್ಲಿ ಪುಣೆಗೂ ಶಿರೂರಿಗೂ ನಡುವೆ ಎಷ್ಟು ಸಲ ಓಡಾಡಿದೆನೋ ನೆನಪಿಲ್ಲ. ಸರ್ಕಾರಿ ಎಸ್‌ಟಿ ಬಸ್ಸಿನ ಕಿಟಕಿಯ ಸರಳಿಗೆ ತಲೆ ಆನಿಸಿ ನಿದ್ದೆ ಹೋಗುವುದನ್ನು ಕಲಿತದ್ದು ಆಗ. ವಾಘೋಲಿ ದಾಟುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಶಿರೂರಿನ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ತಗಡು ಬಡಿದಾಗ ತೆರೆಯುತ್ತಿತ್ತು. ಇಳಿದ ಮೇಲೂ ಮೈಯೊಳಗೆ ಬಸ್ಸು ಓಡುತ್ತಲೇ ಇರುತ್ತಿತ್ತು.

ನಾನು ಕೆಲಸ ಮಾಡುತ್ತಿದ್ದದ್ದು ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಅಲ್ಲಿನ ಕಂಪ್ಯೂಟರುಗಳೆಲ್ಲ ನನ್ನ ಸುಪರ್ದಿಯಲ್ಲಿದ್ದವು. ಶಿರೂರಿನ ಒಂದು ಸಣ್ಣ ಆಸ್ಪತ್ರೆ ನಮ್ಮ ಗಿರಾಕಿ. ಅಲ್ಲಿ ಬೆಳಿಗ್ಗೆ ತೆಗೆದ ರಕ್ತ ಐಸ್ ಡಬ್ಬಿಯಲ್ಲಿ ಬಸ್ಸು ಹತ್ತಿ ನಮ್ಮಲ್ಲಿಗೆ ಬರುತ್ತಿತ್ತು. ವರದಿ ಮಾತ್ರ ಬಸ್ಸಿನಲ್ಲಿ ಹೋಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಿರೂರಿನ ಆಸ್ಪತ್ರೆಯ ಕಂಪ್ಯೂಟರು ತನ್ನನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಎಂಬ ಡಬ್ಬಿಯ ಮೂಲಕ ತಾನಾಗಿ ನಮಗೆ ಫೋನು ಹಚ್ಚಿ, ಅಂದಿನ ವರದಿಯ ಫೈಲನ್ನು ಎಳೆದುಕೊಂಡು, ಅಲ್ಲೇ ಪ್ರಿಂಟ್ ಮಾಡುತ್ತಿತ್ತು. ಈ ಕೆಲಸವನ್ನು ಮಾಡಿಸುತ್ತಿದ್ದದ್ದು ಒಂದು ಶೆಲ್ ಸ್ಕ್ರಿಪ್ಟು, ಅಂದರೆ ಒಂದರ ಕೆಳಗೊಂದು ಬರೆದಿಟ್ಟ ಆಜ್ಞೆಗಳ ಒಂದು ಪುಟ: ಮೋಡೆಮ್ ಎಬ್ಬಿಸು, ನಂಬರು ಹಚ್ಚು, ಲೈನು ಸಿಕ್ಕರೆ ಫೈಲು ತಾ, ಪ್ರಿಂಟಿಗೆ ಕಳಿಸು, ಫೋನು ಇಡು. ಬರೆದವನು ನನಗಿಂತ ಮೊದಲು ಇದ್ದವನು. ಅವನು ಬಿಟ್ಟುಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ನಡೆಯುತ್ತಿದೆಯಲ್ಲ ಎಂದು ಯಾರೂ ಅದನ್ನು ತೆರೆದು ನೋಡಿರಲಿಲ್ಲ.

ಜ್ವರದ ದಿನಗಳು ಅವು. ಡೆಂಗಿ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಒಂದು ಸಂಜೆ ಶಿರೂರಿನ ಡಾಕ್ಟರು ಫೋನ್ ಮಾಡಿ ನಮ್ಮ ಯಜಮಾನರ ಮೇಲೆ ಹರಿಹಾಯ್ದರು. ಅಂಗನವಾಡಿಯ ಶಿಕ್ಷಕಿಯೊಬ್ಬಳಿಗೆ ಜ್ವರ ಇಳಿದಿತ್ತು, ವರದಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಎಣಿಕೆ ಚೆನ್ನಾಗಿತ್ತು, ಮನೆಗೆ ಕಳಿಸಿದ್ದರು. ಮರುದಿನ ಅವಳ ಒಸಡಿನಿಂದ ರಕ್ತ ಬರುವುದು ನಿಲ್ಲದೆ ಜೀಪಿನಲ್ಲಿ ಪುಣೆಗೆ ತರಬೇಕಾಯಿತು. ನಮ್ಮ ಕಂಪ್ಯೂಟರಿನಲ್ಲಿ ನೋಡಿದರೆ, ಒಂದೂವರೆ ಲಕ್ಷದ ಮೇಲಿರಬೇಕಾದ ಎಣಿಕೆ ಆ ದಿನ ಬಹಳ ಕೆಳಗಿತ್ತು. ಅಲ್ಲಿ ಪ್ರಿಂಟಾದ ಹಾಳೆಯಲ್ಲಿದ್ದದ್ದು ಹಿಂದಿನ ದಿನದ ಎಣಿಕೆ.

ಆಕೆ ಬದುಕಿದಳು. ಆದರೆ ಅದು ಗೊತ್ತಾಗಲು ವಾರದ ಮೇಲೆ ಹಿಡಿಯಿತು.

"ಅವರು ಹಳೆಯ ಹಾಳೆ ನೋಡಿರ್ತಾರೆ, ಎರಡು ದಿನದವೂ ಕಲೆತುಹೋಗಿರ್ತವೆ," ಎಂದರು ಯಜಮಾನರು ಮರಾಠಿಯಲ್ಲಿ. ಅವರೂ ಡಾಕ್ಟರೇ, ಸೂಕ್ಷ್ಮದರ್ಶಕದ ಮುಂದೆ ಕೂತರೆ ಊಟ ಮರೆಯುವವರು. "ಹೋಗಿ ನೋಡಿ ಬನ್ನಿ. ನಮ್ಮ ಕಡೆಯ ತಪ್ಪಾದರೆ ನಮ್ಮ ಕಡೆಯದು ಅಂತಲೇ ಹೇಳಿ."

ಮೊದಲ ಸಲ ಹೋದಾಗ ಮಳೆ ಇರಲಿಲ್ಲ. ಆಸ್ಪತ್ರೆಯ ಮುಂಭಾಗದ ಕೋಣೆಯಲ್ಲಿ ಕಂಪ್ಯೂಟರು, ಪಕ್ಕದಲ್ಲಿ ಮೋಡೆಮ್, ಅದರ ಪಕ್ಕದಲ್ಲಿ ಆಸ್ಪತ್ರೆಗೆ ಇದ್ದ ಒಂದೇ ಒಂದು ಫೋನು. ಮೋಡೆಮ್ ಮತ್ತು ಫೋನು ಒಂದೇ ಲೈನಿನ ಮೇಲೆ. ಹೊತ್ತಿಗೆ ಸರಿಯಾಗಿ ಮೋಡೆಮ್ ಸಿಳ್ಳೆ ಹಾಕಿತು, ಹಾಳೆ ಹೊರಬಂತು, ತಾರೀಖು ಅಂದಿನದೇ. ಮೂರು ದಿನ ಹಾಗೇ ಹೋಗಿಬಂದೆ, ಮೂರೂ ದಿನ ಹಾಗೇ. ದೋಷ ಹುಡುಕಿಕೊಂಡು ಹೋದವರ ಎದುರು ದೋಷವು ಒಳ್ಳೆಯ ಮಗುವಿನ ಹಾಗೆ ಕೂತಿರುತ್ತದೆ.

ಆ ಕೋಣೆಯ ಯಜಮಾನಿಕೆ ಹಿರಿಯ ಸಿಸ್ಟರ್ ಒಬ್ಬರದು. ಎಲ್ಲರೊಡನೆ ಮರಾಠಿಯಲ್ಲಿ ಗದರುತ್ತಿದ್ದರು. ನಾನು ಬೆಳಗಾವಿ ಕಡೆಯವಳೆಂದು ಹೇಗೋ ತಿಳಿದು ನಾಲ್ಕನೆಯ ದಿನ ಕನ್ನಡಕ್ಕೆ ಇಳಿದರು.

"ಅಥಣಿ ಹಂತೇಕ ನಮ್ಮ ಊರು. ಇಲ್ಲಿಗೆ ಬಂದು ಭಾಳ ವರ್ಷ ಆತು. ಊಟ ಮಾಡೀರಿಲ್ಲೋ?"

"ಡಬ್ಬಿ ತಂದೇನ್ರಿ ಅಕ್ಕಾರ."

"ತಂದ್ರ ಬಿಚ್ಚ್ರಿ ಮತ್ತ. ಅದನ್ನ ನೋಡಕೋತ ಕೂತ್ರ ಅದೇನು ತುತ್ತು ಮಾಡಿ ಹಾಕತದೇನು?"

ಊಟ ಮಾಡುತ್ತ ಹಳೆಯ ಲಾಗ್ ಓದಿದೆ. ಲಾಗ್ ಎಂದರೆ ಯಂತ್ರ ತಾನು ಮಾಡಿದ್ದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುವ ಸಾಲುಗಳು. ಒಂದು ವಿಷಯ ಕಣ್ಣಿಗೆ ಬಿತ್ತು. ಎಷ್ಟೋ ದಿನ ಲೈನು ಸಿಕ್ಕಿ ಕೆಲವೇ ಕ್ಷಣಗಳಲ್ಲಿ ಕಡಿದುಹೋಗಿತ್ತು, ಯಾರೋ ಕತ್ತರಿಸಿದ ಹಾಗೆ. ಅದನ್ನು ಯಜಮಾನರಿಗೆ ಫೋನಿನಲ್ಲಿ ಹೇಳಿದೆ. "ಅಲ್ಲಿ ಯಾರೋ ವೈರ್ ಕೀಳುತ್ತಿದ್ದಾರೆ. ಕೇಳಿ," ಎಂದರು.

ಕೇಳುವುದು ನನಗೆ ಮುಜುಗರವೆನಿಸಿತು. ಆದರೂ ಕೇಳಿದೆ. ಸಿಸ್ಟರ್ ಸ್ವಲ್ಪವೂ ಅಳುಕಲಿಲ್ಲ.

"ಹೌದ್ರಿ, ನಾನ ಕಿತ್ತೇನಿ. ಬಾಣಂತಿ ಒಬ್ಬಾಕಿಗೆ ಗಾಡಿ ಕರೀಬೇಕಾಗಿತ್ತು. ಫೋನ್ ಎತ್ತಿದ್ರ ಒಳಗ ನಿಮ್ಮ ಪೀಪಿ ಊದಾಕತ್ತಿತ್ತು. ಏನ್ ಮಾಡ್ಲಿ? ಪೀಪಿ ಮುಗೀಲಿ ಅಂತ ಕಾಯಲ್ಯಾ?"

"ಆ ಶಿಕ್ಷಕಿ ಮನೀಗೆ ಹೋದ ದಿನ?"

ಅವರು ತಲೆ ಅಲ್ಲಾಡಿಸಿದರು. "ಆ ದಿನ ನಾ ಡ್ಯೂಟಿಮ್ಯಾಲ ಇದ್ದೆ, ಮುಟ್ಟಿಲ್ಲ. ಮಳಿ ಹೊಡೀತಿತ್ತು, ಅಷ್ಟ. ಹಾಳಿ ಬಂತು, ಆಕಿ ಹೆಸರಿತ್ತು, ಡಾಕ್ಟರ್ ಕೈಯಾಗ ಕೊಟ್ಟೆ. ತಾರೀಖು ಯಾರ್ ನೋಡ್ತಾರ್ರಿ, ಹೆಸರು ನೋಡ್ತೀವಿ."

ಅವರ ಧ್ವನಿ ಅಲ್ಲಿ ಸ್ವಲ್ಪ ತಗ್ಗಿತು.

ಆ ದಿನ ಲೈನು ಕೆಡಿಸಿದ್ದು ಮಳೆಯೇ ಇರಬಹುದು ಎನಿಸಿತು, ಹಾಗಾಗಿ ಮಳೆಗಾಗಿ ಕಾಯಬೇಕಾಯಿತು. ಮುಂದಿನ ವಾರ ಮೋಡ ಕವಿದ ದಿನವೇ ಬಸ್ಸು ಹತ್ತಿದೆ. ಶಿಕ್ರಾಪುರದ ಹತ್ತಿರ ಮಳೆ ಹಿಡಿದುಕೊಂಡಿತು. ಆಸ್ಪತ್ರೆ ಸೇರುವಾಗ ಸೀರೆಯ ನೆರಿಗೆ ಮೊಣಕಾಲವರೆಗೂ ತೊಯ್ದಿತ್ತು. ಮಧ್ಯಾಹ್ನ ಮೋಡೆಮ್ ಎದ್ದಿತು, ಸಿಳ್ಳೆ ಹಾಕಿತು, ಲೈನಿನಲ್ಲಿ ಎಣ್ಣೆಯಲ್ಲಿ ಹಪ್ಪಳ ಕರಿದಂಥ ಸದ್ದು. ಸಂಪರ್ಕ ಸಿಕ್ಕಿತೆಂದು ಲಾಗ್ ಹೇಳಿತು. ಮರುಕ್ಷಣ ಕಡಿಯಿತು. ವರದಿಯ ಒಂದಕ್ಷರವೂ ಬಂದಿರಲಿಲ್ಲ. ನಾನು ಪರದೆಯನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಪ್ರಿಂಟರು ಕಿರ್ ಕಿರ್ ಎಂದು ಒಂದು ಹಾಳೆಯನ್ನು ಹೊರಗೆ ತಳ್ಳಿತು.

ಎತ್ತಿ ನೋಡಿದೆ. ನಿನ್ನೆಯದು.

ಆಮೇಲೆ ಸ್ಕ್ರಿಪ್ಟಿನ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದೆ. ಫೈಲು ತರುವ ಕೆಲಸವನ್ನು ಎಫ್‌ಟಿಪಿ ಎಂಬ ಪ್ರೋಗ್ರಾಮಿಗೆ ಒಪ್ಪಿಸಲಾಗಿತ್ತು. ಪ್ರತಿ ಪ್ರೋಗ್ರಾಮು ಕೆಲಸ ಮುಗಿಸಿ ಹೋಗುವಾಗ ತನಗೆ ಆಜ್ಞೆ ಕೊಟ್ಟ ಶೆಲ್ಲಿಗೆ ಒಂದು ಸಂಖ್ಯೆ ಕೊಟ್ಟು ಹೋಗುತ್ತದೆ. ಸೊನ್ನೆ ಎಂದರೆ ಎಲ್ಲ ಸರಿ, ಬೇರೆ ಏನಾದರೂ ಇದ್ದರೆ ಎಡವಟ್ಟು. ಈ ಎಫ್‌ಟಿಪಿ ಮಾತ್ರ ಫೈಲು ಬಂದರೂ ಸೊನ್ನೆ, ಬರದಿದ್ದರೂ ಸೊನ್ನೆ. ಫೈಲಿಗೆ ದಿನವೂ ಒಂದೇ ಹೆಸರು. ಹೊಸದು ಬರದಿದ್ದರೆ ಹಳೆಯದು ಅಲ್ಲೇ ಕೂತಿರುತ್ತಿತ್ತು. ಸ್ಕ್ರಿಪ್ಟು ಸೊನ್ನೆಯನ್ನು ನೋಡಿ, ಎಲ್ಲ ಸರಿ ಎಂದುಕೊಂಡು, ಇದ್ದದ್ದನ್ನು ಪ್ರಿಂಟಿಗೆ ಕಳಿಸುತ್ತಿತ್ತು. ಅದೃಷ್ಟ ಕೆಟ್ಟ ದಿನ ಅದು ನಿನ್ನೆಯ ಆರೋಗ್ಯವನ್ನು ಇಂದಿನದೆಂದು ಹೇಳುತ್ತಿತ್ತು.

ಬರೆದವನು ಈಗ ಪುಣೆಯ ವಿಮಾನ ನಗರದ ದೊಡ್ಡ ಕಂಪನಿಯೊಂದರಲ್ಲಿದ್ದ, ಬೆಂಗಳೂರಿನ ಕಡೆಯವನು. ಸಂಜೆ ಬಸ್ಸಿನಿಂದ ದಾರಿಯಲ್ಲೇ ಇಳಿದು ಅವನ ಆಫೀಸಿನ ಗೇಟಿನ ಹತ್ತಿರ ಭೇಟಿಯಾದೆ. ಜಗಳವಾಡುವ ಶಕ್ತಿ ನನಗಿರಲಿಲ್ಲ, ಬೇರೆಲ್ಲಾದರೂ ಇದೇ ಸ್ಕ್ರಿಪ್ಟು ಹಾಕಿದ್ದಾನೆಯೇ ಎಂದು ತಿಳಿಯಬೇಕಿತ್ತು.

"ಇಲ್ಲ ಮೇಡಮ್, ಶಿರೂರಿಗೆ ಮಾತ್ರ," ಎಂದ. ನಡೆದದ್ದನ್ನು ಹೇಳಿದೆ. ಅವನು ಗೇಟಿನಿಂದ ಪಕ್ಕಕ್ಕೆ ಸರಿದ. "ಅವಾಗ ಸರ್ ಕೇಳಿದ್ದು ಒಂದೇ ಮಾತು, ಕನೆಕ್ಟ್ ಆಗತ್ತಾ ಅಂತ. ಆಗ್ತಿತ್ತು. ಕನೆಕ್ಟ್ ಆದ್ಮೇಲೆ ಏನಾಗತ್ತೆ ಅಂತ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಕೊಳ್ಲಿಲ್ಲ. ಅವ್ರು ಹೇಗಿದಾರೆ ಈಗ?"

"ಆಸ್ಪತ್ರೆಯಲ್ಲೇ ಇದ್ದಾರೆ."

"ಏನಾದ್ರೂ ಬೇಕಿದ್ರೆ ಹೇಳಿ," ಎಂದ. ನಾನು ತಲೆಯಾಡಿಸಿ ಮುಂದಿನ ಬಸ್ಸಿಗೆ ನಡೆದೆ.

ಹಳೆಯದನ್ನು ಬಿಟ್ಟು ಹೊಸದಾಗಿ ಬರೆದೆ. ಕೆಲಸದ ಮೊದಲ ಸಾಲೇ ಹಳೆಯ ಫೈಲನ್ನು ಅಳಿಸುವುದು. ಹೊಸದು ತಾತ್ಕಾಲಿಕ ಹೆಸರಿನಲ್ಲಿ ಬರಬೇಕು. ಅದರ ಜೊತೆಗೆ ಪುಣೆಯಲ್ಲಿ ಲೆಕ್ಕಹಾಕಿದ ಒಂದು ತಾಳೆಸಂಖ್ಯೆ ಬರಬೇಕು. ಶಿರೂರಿನಲ್ಲಿ ಮತ್ತೆ ಲೆಕ್ಕಹಾಕಿದಾಗ ಎರಡೂ ಒಂದೇ ಆದರೆ ಮಾತ್ರ ಪ್ರಿಂಟು. ಅರ್ಧ ಬಂದದ್ದು, ಕೆಟ್ಟು ಬಂದದ್ದು, ನಿನ್ನೆಯದು ಯಾವುದೂ ಕಾಗದಕ್ಕೆ ಹೋಗಬಾರದು. ಶಿವಾಜಿನಗರದಲ್ಲಿ ಎರಡು ಮೋಡೆಮ್ ಎದುರುಬದುರು ಇಟ್ಟು, ನಡುವೆ ವೈರ್ ಕಿತ್ತು ಕಿತ್ತು ನೋಡಿದೆ. ಸುಳ್ಳು ಹಾಳೆ ಒಂದೂ ಹೊರಬರಲಿಲ್ಲ.

ಯಜಮಾನರು ಖುಷಿಯಾದರು. ಒಂದೇ ಮಾತು ಸೇರಿಸಿದರು: "ಆದರೆ ಕಾಗದ್ ನಿಘಾಲಾಚ್ ಪಾಹಿಜೆ." ಕಾಗದ ಬಂದೇ ತೀರಬೇಕು. "ಬರುವವರೆಗೂ ಡಯಲ್ ಮಾಡ್ತಾನೇ ಇರಲಿ. ಯಂತ್ರಕ್ಕೇನು ದಣಿವೇ?"

ಅದಕ್ಕೂ ಒಂದು ಆಜ್ಞೆ ಇತ್ತು. ಸಂಪರ್ಕ ನಿಭಾಯಿಸುವ ಪ್ರೋಗ್ರಾಮಿಗೆ ಪರ್ಸಿಸ್ಟ್ ಎಂಬ ಒಂದು ಪದ ಕೊಟ್ಟರೆ ಸಾಕು, ಕಡಿದಾಗಲೆಲ್ಲ ಮತ್ತೆ ಹಚ್ಚುತ್ತಲೇ ಇರುತ್ತದೆ. ಹಾಕಿದೆವು. ಇನ್ನು ವೈರ್ ಕೀಳಬೇಡಿ ಎಂದು ಸಿಸ್ಟರ್‌ಗೂ ಹೇಳಿದೆವು.

ಮುಂದಿನ ಮಳೆಯ ದಿನ ಮೋಡೆಮ್ ಮಧ್ಯಾಹ್ನವಿಡೀ ಡಯಲ್ ಮಾಡಿತು. ಶಿರೂರಿನ ಆಸ್ಪತ್ರೆಗೆ ಹೊರಗಿನಿಂದ ಒಂದು ಕರೆಯೂ ಹೋಗಲಿಲ್ಲ, ಒಳಗಿನಿಂದ ಒಂದೂ ಬರಲಿಲ್ಲ. ಸಿಸ್ಟರ್ ಎದುರಿನ ಔಷಧದ ಅಂಗಡಿಗೆ ಹೋಗಿ ಅಲ್ಲಿಂದ ನನಗೆ ಫೋನ್ ಮಾಡಿದರು.

"ತಂಗಿ, ಮೊದಲ ಸುಳ್ಳ ಹೇಳ್ತಿತ್ತು, ಈಗ ನಮ್ಮ ಬಾಯೇ ಮುಚ್ಚಿಸೇದ. ಯಾವುದು ಛಲೋ ನೀವ ಹೇಳ್ರಿ."

"ಕಂಪ್ಯೂಟರ್ ಬಂದ್ ಮಾಡ್ರಿ ಅಕ್ಕಾರ, ಸದ್ಯಕ್ಕ."

"ಮಾಡೇನಿ. ಆದ್ರೂ ಫೋನ್ ಸತ್ತಂಗ ಅದ."

ಅದು ಹೇಗೆ ಸಾಧ್ಯ ಎಂದು ಮತ್ತೆ ಬಸ್ಸು ಹತ್ತಿದೆ. ನಿಜ. ಕಂಪ್ಯೂಟರು ಆರಿದ್ದರೂ ಮೋಡೆಮ್‌ನ ಕೆಂಪು ದೀಪ ಉರಿಯುತ್ತಿತ್ತು, ಲೈನನ್ನು ಬಿಟ್ಟಿರಲಿಲ್ಲ. ಮೋಡೆಮ್ ಕೇಬಲ್ಲಿನಲ್ಲಿ ಒಂದು ತಂತಿ ಇರುತ್ತದೆ. ಕಂಪ್ಯೂಟರು ಕೈಬಿಟ್ಟಿತು ಎಂಬುದು ಮೋಡೆಮ್‌ಗೆ ಗೊತ್ತಾಗುವುದು ಅದರಿಂದ. ಆ ಸೂಚನೆಯನ್ನು ಲೆಕ್ಕಿಸಬೇಡ ಎಂಬ ಸೆಟ್ಟಿಂಗು ಮೋಡೆಮ್‌ನಲ್ಲಿ ಮೊದಲಿನಿಂದಲೇ ಇತ್ತು. ಸಣ್ಣ ವಿಷಯ, ಒಂದು ಅಂಕಿ ಬದಲಿಸಿದರೆ ಸರಿಹೋಗುವಂಥದ್ದು. ಹುಡುಕಲು ಮಾತ್ರ ಎರಡು ದಿನ ಹೋಯಿತು. ಪರೀಕ್ಷಿಸುತ್ತ ಲೈನು ಹಿಡಿದಿಟ್ಟ ಆ ಎರಡು ದಿನಗಳಲ್ಲಿ ಯಾರ ಯಾರ ಕರೆ ಅಲ್ಲಿಗೆ ಮುಟ್ಟಲಿಲ್ಲವೋ ಎಂದು ಯೋಚಿಸುವುದನ್ನು ನಾನು ಬೇಕೆಂದೇ ನಿಲ್ಲಿಸಿದೆ. ಯೋಚಿಸಿದರೆ ಕೈ ಓಡುತ್ತಿರಲಿಲ್ಲ.

ಮರಳುವ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನಾವೆಲ್ಲ ಇಷ್ಟು ದಿನ ಸಂಪರ್ಕ ಸಿಗುವುದು ಹೇಗೆ, ಉಳಿಯುವುದು ಹೇಗೆ ಎಂದಷ್ಟೇ ನೋಡಿದ್ದೆವು. ಆ ಲೈನು ನಮ್ಮದಾಗಿರಲೇ ಇಲ್ಲ. ಅದು ಬಾಣಂತಿಗೆ ಗಾಡಿ ಕರೆಯುವ ಲೈನು. ದಿನಕ್ಕೆ ಒಂದು ಗಳಿಗೆ ನಾವು ಅದನ್ನು ಎರವಲು ಪಡೆಯುತ್ತಿದ್ದೆವು. ಎರವಲು ಪಡೆದವರು ಕೆಲಸವಾಗದಿದ್ದರೂ ಹಿಂದಿರುಗಿಸಬೇಕು.

ಮರುದಿನ ಯಜಮಾನರ ಮುಂದೆ ಕೂತು ಹೇಳಿದೆ: ಸ್ಕ್ರಿಪ್ಟು ಮೂರು ಸಲ ಪ್ರಯತ್ನಿಸುತ್ತದೆ. ಆಗದಿದ್ದರೆ ಸೋತೆ ಎಂದು ಒಪ್ಪಿಕೊಂಡು ಫೋನು ಇಡುತ್ತದೆ. ಪ್ರಿಂಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು ಬರುತ್ತದೆ, ಇಂದಿನ ವರದಿ ಬಂದಿಲ್ಲ, ಪುಣೆಗೆ ಫೋನ್ ಮಾಡಿ ಎಂದು. ಅವರು ಫೋನ್ ಮಾಡುತ್ತಾರೆ, ನಾವು ಓದಿ ಹೇಳುತ್ತೇವೆ.

"ಬಾಯಲ್ಲಿ ಓದಿ ಹೇಳೋದಕ್ಕೆ ಕಂಪ್ಯೂಟರ್ ಯಾಕೆ?" ಎಂದರು. "ನಮ್ಮ ಲ್ಯಾಬಿನ ಹೆಸರಿನ ಕೆಳಗೆ ‘ವರದಿ ಬಂದಿಲ್ಲ’ ಅಂತ ಹಾಳೆ ಬರಬೇಕಾ? ನೀವು ಯಂತ್ರಕ್ಕೆ ಸೋಲೋದನ್ನ ಕಲಿಸ್ತಾ ಇದೀರಿ."

"ಹೌದು ಸರ್."

"ಇನ್ನಷ್ಟು ಪ್ರಯತ್ನಪಟ್ಟರೆ ಆಗಲ್ವಾ? ನೂರು ಸಲಕ್ಕೆ ಒಂದು ಸಲ ಸಿಗಬಹುದಲ್ಲ?"

"ಸಿಗಬಹುದು. ಆ ತೊಂಬತ್ತೊಂಬತ್ತು ಸಲ ಅಲ್ಲಿ ಫೋನ್ ಇರೋದಿಲ್ಲ. ನಾನು ಮೂರೇ ಇಡ್ತೀನಿ. ನಿಮಗೆ ಬೇಡವಾದರೆ ಬೇರೆ ಯಾರಿಂದಲಾದರೂ ತೆಗೆಸಿ, ನಾನು ತೆಗೆಯೋದಿಲ್ಲ."

ಧೈರ್ಯದಿಂದ ಹೇಳಿದ ಮಾತಲ್ಲ ಅದು. ವಾದ ಮಾಡಲು ತ್ರಾಣವಿಲ್ಲದಾಗ ಮನುಷ್ಯರು ಹೀಗೆ ಚಿಕ್ಕದಾಗಿ ಮಾತಾಡುತ್ತಾರೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಶಿಕ್ಷಕಿ ನಿನ್ನೆ ಮನೆಗೆ ಹೋದಳಂತೆ," ಎಂದರು. ಆ ಸುದ್ದಿ ನಾನು ಕೇಳಿದ್ದು ಆಗಲೇ ಮೊದಲು. "ಹಾಕಿ," ಎಂದರು.

ಇನ್ನೊಂದನ್ನೂ ಸೇರಿಸಿದೆ. ಲೈನು ಬೇಕಾದಾಗ ವೈರ್ ಕೀಳುವ ಬದಲು ಸಿಸ್ಟರ್ ಒಂದು ಪದ ಟೈಪ್ ಮಾಡಿದರೆ ಸಂಪರ್ಕ ಅಲ್ಲೇ ನಿಲ್ಲಬೇಕು, ಮೋಡೆಮ್ ಫೋನು ಇಡಬೇಕು, ಅವರ ಕೆಲಸ ಮುಗಿಯುವವರೆಗೂ ಸ್ಕ್ರಿಪ್ಟು ಮತ್ತೆ ಡಯಲ್ ಮಾಡಬಾರದು. ಯಾವ ಪದ ಇಡಲಿ ಎಂದು ಅವರನ್ನೇ ಕೇಳಿದೆ.

"ಬಿಡು ಅಂತ ಇಡ್ರಿ. ಬಿಡು ಅಂದ್ರ ಬಿಡಬೇಕು."

"ಉಳಿದ ಸಿಸ್ಟರ್‌ಗಳಿಗೆ ಕನ್ನಡ ಬರಂಗಿಲ್ಲಲ್ರಿ."

"ಅವರಿಗೆ ಮರಾಠಿಯಾಗ ಸೋಡ್ ಅಂತ ಇಡ್ರಿ. ಎರಡೂ ಇರಲಿ."

ಎರಡು ಹೆಸರು, ಒಂದೇ ಸ್ಕ್ರಿಪ್ಟು. ನಾನು ಬರೆದ ಪ್ರೋಗ್ರಾಮುಗಳಲ್ಲಿ ಅತಿ ಚಿಕ್ಕದು ಅದು, ಅಂಗೈಯಷ್ಟಗಲ.

ಅದರ ನಿಜವಾದ ಪರೀಕ್ಷೆ ಆದದ್ದು ಮಳೆಗಾಲದ ಕೊನೆಯ ಭಾಗದಲ್ಲಿ. ಅಂದು ನಾನು ಶಿವಾಜಿನಗರದಲ್ಲೇ ಇದ್ದೆ. ಮಧ್ಯಾಹ್ನ ನಮ್ಮ ಕಡೆಯ ಮೋಡೆಮ್ ಕರೆ ಎತ್ತಿತು, ಕಡಿಯಿತು. ಮತ್ತೆ ಎತ್ತಿತು, ಕಡಿಯಿತು. ಮೂರನೆಯದು ಸ್ವಲ್ಪ ದೂರ ಹೋಯಿತು, ಫೈಲಿನ ಅರ್ಧದಷ್ಟು ದಾಟಿ ನಿಂತುಬಿಟ್ಟಿತು. ಆಮೇಲೆ ಮೌನ. ಮೋಡೆಮ್ ಮತ್ತೆ ಸಿಳ್ಳೆ ಹಾಕಲಿಲ್ಲ. ಹಾಗಾಗಬೇಕೆಂದೇ ನಾನು ಬರೆದದ್ದು. ಮಾತಾಡುವ ಫೋನಿನ ಹತ್ತಿರ ಹೋಗಿ ನಿಂತೆ. ಅದು ರಿಂಗಾಯಿತು.

"ತಂಗಿ, ನಿಮ್ಮ ದೊಡ್ಡ ಅಕ್ಷರದ ಹಾಳಿ ಬಂದದ," ಎಂದರು ಸಿಸ್ಟರ್. ಲೈನಿನಲ್ಲಿ ಹಪ್ಪಳ ಕರಿಯುವ ಅದೇ ಸದ್ದು, ಆದರೆ ಮನುಷ್ಯರ ಮಾತು ಅದನ್ನು ದಾಟಿ ಬರುತ್ತಿತ್ತು. "ಮೊದಲ ಆ ಮನಿ ಕಟ್ಟೋ ಗೌಂಡಿದು ಹೇಳ್ರಿ, ಮೊನ್ನೆ ಜ್ವರ ಅಂತ ಬಂದಾನಲ್ಲ, ಅಂವಂದು. ಅಂವ ಅಂಗಿ ಹಾಕ್ಕೊಂಡು ಕೂತಾನ. ಜ್ವರ ಇಲ್ಲ, ನನಗೇನಾಗೇದ, ಬಸ್ಸು ಹೋಗತದ ಅಂತ ಗಲಾಟಿ ಹಚ್ಚ್ಯಾನ. ನಿನ್ನಿದು ಛಲೋನ ಇತ್ತು."

ಅವರು ಹೇಳಿದ ಹೆಸರನ್ನು ಪರದೆಯ ಮೇಲೆ ಹುಡುಕಿದೆ. ಎಣಿಕೆಯನ್ನು ನೋಡಿದೆ. ಲ್ಯಾಬಿನ ಹುಡುಗಿಯನ್ನು ಕರೆದು ಅವಳಿಂದಲೂ ನೋಡಿಸಿದೆ.

"ಹದಿನೆಂಟು ಸಾವಿರ ಅಕ್ಕಾರ."



"ಮತ್ತೊಮ್ಮೆ ಹೇಳ್ರಿ. ಬಿಡಿಸಿ ಹೇಳ್ರಿ."

"ಒಂದು, ಎಂಟು. ಆಮ್ಯಾಲ ಮೂರು ಸೊನ್ನಿ."

"ಒಂದು, ಎಂಟು, ಮೂರು ಸೊನ್ನಿ," ಎಂದು ಅವರು ತಿರುಗಿ ಓದಿದರು. ರಿಸೀವರನ್ನು ದೂರ ಹಿಡಿದು ಮರಾಠಿಯಲ್ಲಿ ಯಾರಿಗೋ ಕೂಗಿದ್ದು ಕೇಳಿತು, ಅವನನ್ನು ಬಾಗಿಲಲ್ಲೇ ಹಿಡಿಯಿರಿ, ಡಾಕ್ಟರನ್ನು ಕರೆಯಿರಿ ಎಂದು. ಮತ್ತೆ ಹತ್ತಿರ ಬಂದರು. "ಉಳಿದವರದು ಆಮ್ಯಾಲ ತಗೋತೀನಿ. ಇಡ್ರಿ ಈಗ. ಗಾಡಿಗೆ ಹಚ್ಚಬೇಕು."

ಇಟ್ಟೆ. ಎಷ್ಟೋ ಹೊತ್ತು ಆ ಫೋನನ್ನೇ ನೋಡುತ್ತ ನಿಂತಿದ್ದೆ. ಅದು ಮತ್ತೆ ರಿಂಗಾದಾಗ ಗಾಡಿ ಹೊರಟಾಗಿತ್ತು. ಸಿಸ್ಟರ್ ಉಳಿದವರ ಹೆಸರುಗಳನ್ನು ಒಂದೊಂದಾಗಿ ಕೇಳಿದರು, ನಾನು ಓದಿದೆ, ಅವರು ತಿರುಗಿ ಓದಿದರು. ಆ ಮಧ್ಯಾಹ್ನದ ವರದಿಯೆಲ್ಲ ಬಾಯಿಂದಲೇ ಹೋಯಿತು.

ಗೌಂಡಿಗೆ ಪುಣೆಯಲ್ಲಿ ಪ್ಲೇಟ್‌ಲೆಟ್ ಏರಿಸಿದರು. ಅಂದು ರಾತ್ರಿ ಅವನಿಗೆ ಮೂಗಿನಿಂದ ರಕ್ತ ಬಂತಂತೆ. ಆಗ ಅವನು ಆಸ್ಪತ್ರೆಯ ಹಾಸಿಗೆಯಲ್ಲಿದ್ದ, ಊರ ದಾರಿಯ ಬಸ್ಸಿನಲ್ಲಲ್ಲ.

ಮಳೆ ನಿಂತಿತು. ನನ್ನ ಓಡಾಟವೂ ನಿಂತಿತು. ಕೆಲಸ ಮುಗಿದ ಮೇಲೆ ಬರುವ ನಿದ್ದೆಯೂ ಒಂದು ಕಾಯಿಲೆಯಂತೆ ಬಂತು, ನಾಲ್ಕು ದಿನ ರಜೆ ಹಾಕಿ ಮಲಗಿದೆ. ತಿರುಗಿ ಬಂದ ಮೇಲೆ ಒಂದು ದಿನ ಸಿಸ್ಟರ್ ಫೋನ್ ಮಾಡಿದರು. ಏನು ತೊಂದರೆಯಾಯಿತು ಎಂದು ಮೊದಲೇ ಕೇಳಿದೆ.

"ಏನಿಲ್ಲ ತಂಗಿ. ಗೌಂಡಿ ಬಂದಿದ್ದ. ನಮ್ಮ ಆಪರೇಷನ್ ಕೋಣಿ ಗ್ವಾಡಿ ನೋಡಿ, ಇದನ್ನ ಯಾವ ಮೂರ್ಖ ಕಟ್ಟ್ಯಾನ ಅಂತ ಬೈದ. ನಾಳೆ ಬಂದು ಸರಿ ಮಾಡ್ತಾನಂತ. ನಾ ಅಂದೆ, ಮೊದಲ ಮೈಯಾಗ ತ್ರಾಣ ಬರಲಿ."

ನನಗೆ ಬಹಳ ದಿನಗಳ ಮೇಲೆ ನಗು ಬಂತು. "ಮತ್ತ ಸ್ಕ್ರಿಪ್ಟ್ ಹೆಂಗ ನಡದದ ಅಕ್ಕಾರ?" ಎಂದು ಕೇಳಿದೆ.

"ಯಾವ ಸ್ಕ್ರಿಪ್ಟ್?"

ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹಿಂದೆ ಯಾರೋ ಕರೆದರು.

"ಅವೆಲ್ಲ ನನಗ ತಿಳಿಯಂಗಿಲ್ರಿ," ಎಂದರು ಸಿಸ್ಟರ್. "ಫೋನ್ ಛಲೋ ಅದ."